ಒಂದೇ ಬುಟ್ಟಿ, ಐದು ದೇಶ

ಜನವರಿ 7, ಮಂಗಳವಾರ

ಸ್ಲಾವ್ಕೊ ತನ್ನ ತಾಯಿಯನ್ನು ಕರೆತಂದುಬಿಟ್ಟ. ನನ್ನನ್ನು ಕೇಳಲಿಲ್ಲ, ತಿಳಿಸಿದ ಅಷ್ಟೆ. ಹಳ್ಳಿಯ ಮನೆಯಲ್ಲಿ ಒಲೆ ಆರಿಸಲು ಮರೆತು ಕಿಟಕಿಯ ಪರದೆಗೆ ಬೆಂಕಿ ಹತ್ತಿತಂತೆ. ಪಕ್ಕದ ಮನೆಯವರು ಹೊಗೆ ನೋಡಿ ಫೋನು ಮಾಡಿದರು. ಇನ್ನು ಮುದುಕಿಯನ್ನು ಒಬ್ಬಳನ್ನೇ ಬಿಡುವ ಹಾಗಿಲ್ಲ. ನನ್ನ ಹೊಲಿಗೆ ಕೋಣೆ ಈಗ ತ್ರೇಜಾ ಅತ್ತೆಯ ಕೋಣೆ. ಹೊಲಿಗೆ ಯಂತ್ರ ನಡುಮನೆಗೆ ಬಂದಿದೆ, ದಾಟುವಾಗಲೆಲ್ಲ ಮೊಣಕಾಲಿಗೆ ಬಡಿಯುತ್ತದೆ.

ಬಂದವಳೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ಮೂಸಿದಳು. ಈ ಕಾಫಿಗೆ ಎಷ್ಟು ಕೊಟ್ಟೆ ಎಂದು ಕೇಳಿದಳು. ಹೇಳಿದೆ.

"ಕೊಟ್ಟವಳು ನೀನು, ಸರಿ. ಇಸ್ಕೊಂಡೋನಿಗೆ ರಾತ್ರಿ ನಿದ್ದೆ ಹೇಗೆ ಬರುತ್ತೆ?"

ಇಸಿದುಕೊಂಡವನು ಅವಳ ಮಗನೇ. ನಮ್ಮೂರು ಚಾಕೊವೆತ್ಸ್‌ನ ಅತಿ ದೊಡ್ಡ ದಿನಸಿ ಅಂಗಡಿಗೆ ಅವನು ಮ್ಯಾನೇಜರು. ಸ್ಲಾವ್ಕೊ ಗಟ್ಟಿಯಾಗಿ ನಕ್ಕ. ನನಗೆ ನಗು ಬರಲಿಲ್ಲ.

ಇರುವುದೊಂದೇ ಸಮಾಧಾನ. ಗ್ರಾಹಕರ ಸಂಘದಲ್ಲಿ ನನಗೆ ಈಸ್ಟರ್‌ವರೆಗೆ ಒಂದು ಕೆಲಸ ಸಿಕ್ಕಿದೆ, ಅದೂ ಊರೂರು ತಿರುಗುವ ಕೆಲಸ. ಮನೆಯಿಂದ ಹೊರಗಿರಬಹುದು.

ಜನವರಿ 10, ಶುಕ್ರವಾರ

ಸಂಘದ ಅಧ್ಯಕ್ಷೆ ಬ್ಲಾಜೆಂಕಾ ಹಿಂದೆ ನ್ಯಾಯಾಧೀಶೆಯಾಗಿದ್ದವರು. ಈಗಲೂ ಎದುರಿಗೆ ಕೂತರೆ ನಾನೇನೋ ತಪ್ಪು ಮಾಡಿದ್ದೇನೆ ಅನ್ನಿಸುತ್ತದೆ. ಕೆಲಸವನ್ನು ಬಿಡಿಸಿ ಹೇಳಿದರು. ಮನೆಮನೆಗೂ ಬೇಕಾದ ದಿನಬಳಕೆಯ ಸಾಮಾನು: ಹಿಟ್ಟು, ಎಣ್ಣೆ, ಹಾಲು, ಕಾಫಿ, ಬಟ್ಟೆ ಒಗೆಯುವ ಪುಡಿ, ಹಲ್ಲುಜ್ಜುವ ಪೇಸ್ಟು, ಮಗುವಿನ ಡೈಪರು ಇತ್ಯಾದಿ. ಅದೇ ಕಂಪನಿ, ಅದೇ ತೂಕ. ಅದನ್ನೇ ನಮ್ಮಲ್ಲಿ, ಸ್ಲೊವೇನಿಯಾದಲ್ಲಿ, ಹಂಗೇರಿಯಲ್ಲಿ, ಆಸ್ಟ್ರಿಯಾದಲ್ಲಿ, ಇಟಲಿಯಲ್ಲಿ ನೋಡಿಕೊಂಡು ಬರಬೇಕು.

"ಬೆಲೆ ಹೋಲಿಸೋದು ಅರ್ಧ ಕೆಲಸ," ಎಂದರು. "ಆ ಬುಟ್ಟಿ ತುಂಬಿಸೋಕೆ ಅಲ್ಲಿಯ ಹೆಂಗಸು ಎಷ್ಟು ಹೊತ್ತು ದುಡೀಬೇಕು, ನಮ್ಮವಳು ಎಷ್ಟು ಹೊತ್ತು ದುಡೀಬೇಕು, ಅದು ಇನ್ನರ್ಧ. ಯಾವ ಅಂಗಡಿಗೂ ಮುಂಚೆ ಸುಳಿವು ಕೊಡಬಾರದು."

ನನಗೆ ಉತ್ಸಾಹ ಬಂದಿದೆ. ಬಹಳ ದಿನಗಳ ಮೇಲೆ ಕೈಗೆ ಏನೋ ಹತ್ತಿದ ಹಾಗೆ. ಕೂತಲ್ಲಿ ಕೂರಲಾಗುತ್ತಿಲ್ಲ.

ಊಟಕ್ಕೆ ಕೂತಾಗ ಸ್ಲಾವ್ಕೊ ಸೂಪು ಬಡಿಸಿಕೊಳ್ಳುತ್ತ ನಮ್ಮ ಅಂಗಡಿಗೂ ಬರುತ್ತೀಯಾ ಎಂದು ಕೇಳಿದ. ಎಲ್ಲ ಅಂಗಡಿಗೂ ಹೋಗುತ್ತೇನೆ ಎಂದೆ. ಯಾವತ್ತು ಎಂದ. ಮುಂದಿನ ಗುರುವಾರ ಎಂದೆ. ಬಾ, ಕಾಫಿ ಕೊಡಿಸುತ್ತೇನೆ ಎಂದ. ಸಾಮಾನಿನ ಪಟ್ಟಿ ಫ್ರಿಜ್ಜಿನ ಮೇಲೆ ಅಂಟಿಸಿದ್ದೆ. ಅದನ್ನೂ ಓದಿ, ಡೈಪರು ಯಾಕೆ ನಮ್ಮ ಮನೆಯಲ್ಲಿ ಮಕ್ಕಳಿಲ್ಲವಲ್ಲ ಎಂದು ತಮಾಷೆ ಮಾಡಿದ. ಮಕ್ಕಳಿಲ್ಲದ ಮಾತನ್ನು ಅವನು ತಮಾಷೆಯಾಗಿ ಆಡಿದ್ದು ಇದೇ ಮೊದಲು. ವಯಸ್ಸಾಯಿತೇನೋ.

ಜನವರಿ 14, ಮಂಗಳವಾರ

ಹೊರಗಿರಬಹುದು ಅಂದುಕೊಂಡಿದ್ದೆನಲ್ಲ, ಮುದುಕಿಯೂ ಜೊತೆಗೆ ಬಂದಳು. ಸ್ಲಾವ್ಕೊ ಅಂಗಡಿ ಬಿಡುವ ಹಾಗಿಲ್ಲ, ಅವಳನ್ನು ಒಂಟಿಯಾಗಿ ಮನೆಯಲ್ಲಿ ಬಿಡುವ ಹಾಗಿಲ್ಲ. ಬೇರೆ ದಾರಿ ಎಲ್ಲಿದೆ?

ಬೆಳಿಗ್ಗೆ ಸ್ಲೊವೇನಿಯಾದ ಲೆಂಡಾವಾ, ಅಲ್ಲಿಂದ ಗಡಿ ದಾಟಿ ಹಂಗೇರಿಯ ಕನಿಝಾ. ದಾರಿಯುದ್ದಕ್ಕೂ ಮಾತು. ಹೀಟರು ಜಾಸ್ತಿಯಾಯಿತು, ಹೀಟರು ಕಡಿಮೆಯಾಯಿತು. ನೀನು ಗೇರು ಹಾಕುವುದು ಕೇಳಿದರೆ ಹಂದಿ ಕೊಯ್ಯುವುದು ನೆನಪಾಗುತ್ತದೆ. ಕೈಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಅಂಗಡಿಯೊಳಗೆ ನಾನು ಬೆಲೆ ಬರೆದುಕೊಳ್ಳುತ್ತಿದ್ದರೆ ತೋಳು ಜಗ್ಗಿ, "ಬರೆದಿದ್ದು ಸಾಕು, ಕಾಲು ಸೋತಿದೆ" ಅಂದಳು. ಅಲ್ಲಿಯ ದುಡ್ಡು ಫೊರಿಂಟಿನ ಲೆಕ್ಕ ತಿಳಿಯದೆ, ಒಂದು ಪೊಟ್ಟಣ ಮೆಣಸಿನ ಪುಡಿಯ ಬೆಲೆ ನೋಡಿ ನಾಲ್ಕು ಜನ ತಿರುಗಿ ನೋಡುವ ಹಾಗೆ ಕೂಗಿದಳು. ಯೂರೊಗೆ ಇಷ್ಟು ಫೊರಿಂಟ್ ಎಂದು ಬಿಡಿಸಿ ಹೇಳಿದೆ. "ಹಾಗಾದ್ರೆ ಅದನ್ನ ಹಾಗೇ ಬರೀಬಾರ್ದಾ?" ಎಂದಳು.

ಕೆಲಸವಂತೂ ಆಯಿತು. ಹಿಟ್ಟು, ಹಾಲು ಅಲ್ಲಿ ನಮಗಿಂತ ಸ್ವಲ್ಪ ಅಗ್ಗ. ಆದರೆ ಅಲ್ಲಿನ ಸಂಬಳ ಕೇಳಿದರೆ ಅಗ್ಗ ಅನ್ನಲು ಬಾಯಿ ಬರುವುದಿಲ್ಲ. ತಲೆ ಸಿಡಿಯುತ್ತಿದೆ.

ಜನವರಿ 16, ಗುರುವಾರ

ಈ ದಿನ ನಮ್ಮ ಊರಿನ ಅಂಗಡಿಗಳು. ನಂಬಲೇ ಆಗುತ್ತಿಲ್ಲ, ಸ್ಲಾವ್ಕೊನ ಅಂಗಡಿ ನಾನು ಹೆದರಿದಷ್ಟು ದುಬಾರಿಯೇ ಅಲ್ಲ. ಎಣ್ಣೆ, ಕಾಫಿ, ಒಗೆಯುವ ಪುಡಿ ಎಲ್ಲ ಲೆಂಡಾವಾದ ಬೆಲೆಗೆ ಹತ್ತಿರ ಹತ್ತಿರ. ಊರವರೆಲ್ಲ ಇಷ್ಟು ದಿನ ಸುಮ್ಮಸುಮ್ಮನೆ ಬೈಯುತ್ತಿದ್ದರು. ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಗಂಡನ ಅಂಗಡಿಯನ್ನು ಹೆಂಡತಿ ಅಳೆಯುವುದು ಸುಖದ ಕೆಲಸವಲ್ಲ.

ಸ್ಲಾವ್ಕೊ ಹೇಳಿದ ಹಾಗೆ ಕಾಫಿ ಕೊಡಿಸಿದ. ಗಲ್ಲಾದಲ್ಲಿ ಕೂರುವ ಯಾಸ್ನಾ ಯಾವಾಗಲೂ ನನ್ನ ಹತ್ತಿರ ಸೊಂಟನೋವಿನ ಕಥೆ ಹೇಳುವವಳು, ಇವತ್ತು ತಲೆಯೆತ್ತಲಿಲ್ಲ. ಗಂಡನ ಜೊತೆ ಜಗಳವಾಗಿರಬೇಕು.

ಜನವರಿ 19, ಭಾನುವಾರ

ನಿನ್ನೆ ನಾನು ಬಟ್ಟೆ ಒಣಹಾಕುತ್ತಿದ್ದಾಗ ಮುದುಕಿ ಹೇಳದೆ ಕೇಳದೆ ಹೊರಟು ಮಗನ ಅಂಗಡಿಗೆ ಹೋಗಿ ಒಂದು ಬಾಟಲಿ ಸೂರ್ಯಕಾಂತಿ ಎಣ್ಣೆ ತಂದಿದ್ದಾಳೆ. ಹುಡುಕಿ ಹುಡುಕಿ ನನಗೆ ಜೀವ ಹೋಗಿತ್ತು. ಊಟದ ಹೊತ್ತಿಗೆ ಶುರು ಮಾಡಿದಳು. ಗುರುವಾರ ನೀನು ಮನೆಗೆ ಬಂದು ಹೇಳಿದ ಬೆಲೆಯೇ ಬೇರೆ, ನಾನು ಕೊಟ್ಟಿದ್ದೇ ಬೇರೆ. ತುಂಬ ಜಾಸ್ತಿ ತಗೊಂಡರು.

ಸ್ಲಾವ್ಕೊ ಬ್ರೆಡ್ಡು ಮುರಿಯುತ್ತ ಬಹಳ ಮೃದುವಾಗಿ ಹೇಳಿದ, "ಅಮ್ಮ, ನೀನು ಹಳೇ ದುಡ್ಡಿನ ಲೆಕ್ಕ ಹಾಕ್ಕೊಂಡಿದೀಯ. ದಿನಾರ್ ಹೋಯ್ತು, ಕೂನಾನೂ ಹೋಯ್ತು. ನಿನಗೆ ಗೊಂದಲ ಆಗಿದೆ."

"ನನಗೆ ಗೊಂದಲ ಇಲ್ಲ."

"ಒಲೆ ಆರಿಸಿದ್ದೆ ಅಂತಾನೂ ಹೀಗೇ ಹೇಳಿದ್ದೆ."

ಮುದುಕಿ ನನ್ನ ಕಡೆ ನೋಡಿದಳು. ನಾನೂ ಸ್ಲಾವ್ಕೊನ ಮಾತಿಗೆ ತಲೆಯಾಡಿಸಿದೆ. ಮತ್ತೇನು ಮಾಡಲಿ? ಅವಳು ತಟ್ಟೆ ಸರಿಸಿದಳು. ಬಾಟಲಿ ಎತ್ತಿಕೊಂಡು ಕೋಣೆಗೆ ಹೋದಳು. ಎಣ್ಣೆ ಬಾಟಲಿಯನ್ನು ಮಲಗುವ ಕೋಣೆಯಲ್ಲಿ ಯಾರು ಇಡುತ್ತಾರೆ. ಡಾಕ್ಟರಿಗೆ ತೋರಿಸಬೇಕು.

ಜನವರಿ 24, ಶುಕ್ರವಾರ

ಬೆಲೆ ಏರಿಕೆ ವಿರುದ್ಧ ಇವತ್ತು ಯಾರೂ ಯಾವ ಅಂಗಡಿಯಲ್ಲೂ ಏನೂ ಕೊಳ್ಳಬೇಡಿ ಎಂಬ ಕರೆ ದೇಶಕ್ಕೆಲ್ಲ ಹೋಗಿತ್ತು. ಮಧ್ಯಾಹ್ನ ಸ್ಲಾವ್ಕೊನ ಅಂಗಡಿ ಮುಂದೆ ಹಾದುಹೋದೆ. ಕಾರು ನಿಲ್ಲಿಸುವ ಜಾಗವೆಲ್ಲ ಖಾಲಿ. ಅವನು ಗಾಜಿನ ಬಾಗಿಲಿನ ಹಿಂದೆ ಕೈಕಟ್ಟಿ ನಿಂತಿದ್ದ. ನಾನು ಒಳಗೆ ಹೋಗಲಿಲ್ಲ. ಹೋದರೆ ಒಂದು ಮಾತು, ಹೋಗದಿದ್ದರೆ ಇನ್ನೊಂದು ಮಾತು.

ಮನೆಗೆ ಬಂದು ಶೂ ಬಿಚ್ಚದೆ ಕೂತ. ಕೇಂದ್ರ ಕಚೇರಿಯಿಂದ ಗಂಟೆಗೊಮ್ಮೆ ಫೋನು ಬಂತಂತೆ. ಮುದುಕಿ ತನ್ನ ಪಾಡಿಗೆ ಆಲೂಗಡ್ಡೆ ಸುಲಿಯುತ್ತ ಹೇಳಿದಳು, "ನಮ್ ಕಾಲದಲ್ಲಿ ನಾವು ಅಂಗಡೀಗೆ ಬಹಿಷ್ಕಾರ ಹಾಕ್ತಿರ್ಲಿಲ್ಲ. ಅಂಗಡೀನೇ ನಮಗೆ ಹಾಕಿತ್ತು. ಕಾಫಿ ಇಲ್ಲ, ಸೋಪಿನ ಪುಡಿ ಇಲ್ಲ, ಎಣ್ಣೆ ಇಲ್ಲ. ಒಳಗೆ ಹೋದ್ರೆ ಉಪ್ಪಿನಕಾಯಿ ಶೀಷೆ ಮಾತ್ರ ನಮ್ಮನ್ನ ನೋಡ್ತಿತ್ತು."

ನಾನು ನಕ್ಕೆ. ಸ್ಲಾವ್ಕೊ ನಗಲಿಲ್ಲ.

ಜನವರಿ 29, ಬುಧವಾರ

ಆಸ್ಟ್ರಿಯಾ. ಗ್ರಾಜ್‌ವರೆಗೆ ಹೋಗದೆ ಲೈಬ್ನಿಟ್ಸ್‌ನಲ್ಲೇ ಮುಗಿಸಿದೆ. ಒಗೆಯುವ ಪುಡಿ ನಮ್ಮೂರಿಗಿಂತ ಅಗ್ಗ. ಡೈಪರು ಅಗ್ಗ. ಅಲ್ಲಿನ ಸಂಬಳ ನಮ್ಮದರ ಎರಡರಷ್ಟು. ಬೆಲೆ ಚೀಟಿಯ ಮುಂದೆ ನಿಂತು ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಅಲ್ಲಿನ ಹೆಂಗಸರು ಬೆಲೆ ನೋಡದೆ ಸಾಮಾನು ಎತ್ತಿ ತಳ್ಳುಗಾಡಿಗೆ ಹಾಕುತ್ತಾರೆ. ನೋಡುವುದೇ ಇಲ್ಲ. ನಾನು ಯಾವತ್ತಾದರೂ ಹಾಗೆ ಮಾಡಿದ್ದೇನಾ?

ಮುದುಕಿ ಇವತ್ತು ಜಗಳವಾಡದೆ ನನ್ನ ಹಿಂದೆಯೇ ಬಂದಳು. ಎರಡು ಪೊಟ್ಟಣ ಕಾಫಿ ತಾನೇ ದುಡ್ಡು ಕೊಟ್ಟು ಕೊಂಡಳು.

ವಾಪಸು ಬರುವಾಗ ಗಡಿ ಹತ್ತಿರವಾದಂತೆ ಮಾತು ನಿಂತಿತು. ತಿರುಗಿ ನೋಡಿದೆ. ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡು ನೆಟ್ಟಗೆ ಕೂತಿದ್ದಳು, ಮುಖ ಬಿಳಿಚಿಕೊಂಡಿತ್ತು. ಕಾಫಿ ಪೊಟ್ಟಣಗಳು ಕೋಟಿನೊಳಗೆ.

"ಅವನ ಕಡೆ ನೋಡಬೇಡ," ಎಂದಳು. "ಕೇಳಿದ್ರೆ ಆಸ್ಪತ್ರೆಗೆ ಹೋಗಿದ್ವಿ ಅನ್ನು."

ಯಾರ ಕಡೆ ನೋಡಬಾರದು? ಅಲ್ಲಿ ಯಾರೂ ಇರಲಿಲ್ಲ. ನಮ್ಮ ಕಡೆ ಬರುವವರನ್ನು ಈಗ ಯಾರು ತಡೆಯುತ್ತಾರೆ? ಸುಂಕದ ಕಟ್ಟೆಯ ಕಿಟಕಿಗಳಿಗೆ ಹಲಗೆ ಬಡಿದಿದ್ದರು. ಗದರಲು ಬಾಯಿ ತೆಗೆದೆ. ಅವಳು ಗುಂಡಿಗಳನ್ನು ಮತ್ತೆ ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಕಾರನ್ನು ಬದಿಗೆ ಹಾಕಿದೆ.

ಆಗ ಅತ್ತೆ ಹೇಳಿದರು. ಸ್ಲಾವ್ಕೊ ಶಾಲೆಗೆ ಹೋಗುತ್ತಿದ್ದ ಕಾಲ. ಹೆಂಗಸರೆಲ್ಲ ಬಸ್ಸು ಮಾಡಿಕೊಂಡು ಗ್ರಾಜ್‌ಗೆ ಹೋಗಿ ಸುಂಕ ತಪ್ಪಿಸಿ ಕಾಫಿ, ಸೋಪಿನ ಪುಡಿ ತರುತ್ತಿದ್ದರಂತೆ. ಒಮ್ಮೆ ಸುಂಕದವನೊಬ್ಬ ಇವರನ್ನೇ ಬಸ್ಸಿನಿಂದ ಇಳಿಸಿ, ಎಲ್ಲರೂ ಕಿಟಕಿಯಿಂದ ನೋಡುತ್ತಿರುವಾಗ ಕೋಟು ಬಿಚ್ಚಿಸಿದ. ಆಮೇಲೆ ಲಂಗವನ್ನೂ ಎತ್ತಿಸಿದ. ತೊಡೆಗೆ ಕಟ್ಟಿಕೊಂಡಿದ್ದ ಕಾಫಿ ಪೊಟ್ಟಣ ಬಿಚ್ಚಿ ರಸ್ತೆಯ ಮೇಲೆ ಸುರಿದ. "ಬಸ್ಸಲ್ಲಿ ಮನೆವರೆಗೂ ಯಾರೂ ನನ್ನ ಹತ್ರ ಮಾತಾಡ್ಲಿಲ್ಲ ಕಣೇ. ಎಲ್ರ ಹತ್ರಾನೂ ಕಾಫಿ ಇತ್ತು. ಬೈಸಿಕೊಂಡೋಳ ಪಕ್ಕ ಯಾರು ಕೂರ್ತಾರೆ?"

ಹಲಗೆ ಬಡಿದ ಕಟ್ಟೆಯನ್ನು ತೋರಿಸಿ, ಅತ್ತೆ ಈಗ ಇಲ್ಲಿ ಯಾರೂ ಇಲ್ಲ, ಸುಂಕವೂ ಇಲ್ಲ ಎಂದೆ. ಗೊತ್ತು, ಗೊತ್ತು ಎಂದರು. ಆದರೆ ಮನೆ ಮುಟ್ಟುವವರೆಗೂ ಗುಂಡಿ ಬಿಚ್ಚಲಿಲ್ಲ.

ಫೆಬ್ರವರಿ 1, ಶನಿವಾರ

ಏನೂ ಮಾಡಲು ಮನಸ್ಸಿಲ್ಲ. ಲೆಕ್ಕ ಹಾಕಲು ಕೂತೆ, ಎದ್ದೆ. ಕಿಟಕಿ ಒರೆಸಿದೆ, ಅರ್ಧಕ್ಕೇ ಬಿಟ್ಟೆ.

ಫೆಬ್ರವರಿ 5, ಬುಧವಾರ

ಮೆಕ್ಕೆಜೋಳದ ಹಿಟ್ಟು ಮುಗಿದಿತ್ತು, ಸ್ಲಾವ್ಕೊನ ಅಂಗಡಿಗೆ ಹೋದೆ. ಅವನು ಗೋದಾಮಿನಲ್ಲಿದ್ದ. ಹಿಟ್ಟು ತೆಗೆದುಕೊಂಡು ಬಂದುಬಿಡಬಹುದಿತ್ತು. ಎಣ್ಣೆಯ ಸಾಲಿನ ಹತ್ತಿರ ಯಾಕೆ ನಿಂತೆನೋ.

ಅತ್ತೆ ಹೇಳಿದ್ದ ಬೆಲೆಯೇ ಇತ್ತು. ಸೆಂಟಿಗೆ ಸೆಂಟು.

ಆಮೇಲೆ ಕಾಫಿ ನೋಡಿದೆ. ಒಗೆಯುವ ಪುಡಿ. ಡೈಪರು. ಫ್ರಿಜ್ಜಿನ ಮೇಲಿನ ಪಟ್ಟಿ ನನಗೆ ಬಾಯಿಪಾಠ. ಅದರಲ್ಲಿದ್ದ ಒಂದೊಂದು ಸಾಮಾನಿನ ಬೆಲೆಯೂ ಏರಿತ್ತು. ಪಟ್ಟಿಯಲ್ಲಿಲ್ಲದ ಚಹಾ, ಅಕ್ಕಿ, ಸಕ್ಕರೆಗೆ ಅಂದಿದ್ದ ಹಳೆಯ ಚೀಟಿಯೇ ಇತ್ತು, ಮೂಲೆ ಮುದುರಿಕೊಂಡು. ಪಟ್ಟಿಯಲ್ಲಿದ್ದವಕ್ಕೆ ಮಾತ್ರ ಹೊಸ ಚೀಟಿ.

ಯಾಸ್ನಾ ಹತ್ತಿರ ಹೋದೆ. ನಾನು ಏನೂ ಕೇಳಿರಲಿಲ್ಲ.

"ನೆವೆಂಕಾ ಅಕ್ಕ, ನನ್ನ ಕೇಳಬೇಡಿ," ಎಂದಳು. "ಹದಿನೈದನೇ ತಾರೀಕು ಸಂಜೆ ಅಂಟ್ಸು ಅಂದ್ರು, ಅಂಟ್ಸಿದೆ. ಹದಿನೇಳು ಬೆಳಿಗ್ಗೆ ಕಿತ್ತು ಬೇರೇದು ಅಂಟ್ಸು ಅಂದ್ರು, ಅದನ್ನೂ ಮಾಡ್ದೆ. ನನಗೆ ಈ ಕೆಲಸ ಬೇಕು."

ಹಿಟ್ಟನ್ನು ಅಲ್ಲೇ ಬಿಟ್ಟು ಬಂದೆ.

ಫೆಬ್ರವರಿ 6, ಗುರುವಾರ

ನಿನ್ನೆ ಸಂಜೆ ಸ್ಲಾವ್ಕೊನನ್ನು ಕೇಳಿದೆ. ಇಲ್ಲ ಎನ್ನಲಿಲ್ಲ. ಅದೊಂದು ಮೆಚ್ಚಬೇಕು.

ಯಾರೂ ಮೇಲಿನಿಂದ ಹೇಳಿದ್ದಲ್ಲವಂತೆ, ಅವನದೇ ಯೋಚನೆ. ಕೇಂದ್ರ ಕಚೇರಿ ಈ ವರ್ಷ ಒಂದಷ್ಟು ಅಂಗಡಿ ಮುಚ್ಚುತ್ತದೆ ಎಂಬ ಮಾತಿದೆ. ಟಿವಿಯಲ್ಲಿ ನಮ್ಮ ಊರಿನದೇ ಅತಿ ದುಬಾರಿ ಎಂದು ಬಂದರೆ ಮೊದಲು ಹೋಗುವುದು ಇದು. ಯಾಸ್ನಾಳಂಥವರು ಎಲ್ಲಿಗೆ ಹೋಗಬೇಕು? "ನಾನು ಬೆಲೆ ಇಡೋನಲ್ಲ ನೆವೆಂಕಾ, ಚೀಟಿ ಅಂಟಿಸೋನು. ಜನ ಬೈಯೋದು ಮಾತ್ರ ನನ್ನ."

ಇದಿಷ್ಟೂ ನಿಜವೇ ಇರಬಹುದು. ನನಗೆ ಕನಿಕರವೂ ಬಂತು. ಖಾಲಿ ಅಂಗಡಿಯ ಬಾಗಿಲಲ್ಲಿ ಅವನು ನಿಂತಿದ್ದ ರೀತಿ ಕಣ್ಣಿಗೆ ಬಂತು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತೇನೋ. ಆದರೆ ಕೇಳಿದೆ, "ಅಮ್ಮ ಸರಿಯಾಗೇ ಹೇಳಿದ್ರಲ್ಲ. ಅವರಿಗೆ ತಲೆ ಕೆಟ್ಟಿದೆ ಅನ್ನೋ ಹಾಗೆ ಯಾಕೆ ಮಾಡಿದೆ?"

"ಅದು ಹೇಗೂ ಕೆಡ್ತಾ ಇದೆಯಲ್ಲ," ಎಂದ.

ಕೆಟ್ಟ ದನಿಯಲ್ಲಿ ಹೇಳಲಿಲ್ಲ. ದಣಿದವನ ಹಾಗೆ, ಮಳೆ ಬರುತ್ತಿದೆಯಲ್ಲ ಎನ್ನುವ ಹಾಗೆ ಹೇಳಿದ. ಅದಕ್ಕೇ ನನಗೆ ಸಹಿಸಲಾಗಲಿಲ್ಲವೇನೋ.

ಅತ್ತೆ ಪಕ್ಕದ ಕೋಣೆಯಲ್ಲಿದ್ದರು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಫೆಬ್ರವರಿ 7, ಶುಕ್ರವಾರ

ಬರೆಯುವಂಥದ್ದೇನಿಲ್ಲ. ಸ್ಲಾವ್ಕೊ ಸೋಫಾದ ಮೇಲೆ ಮಲಗುತ್ತಿದ್ದಾನೆ, ಬೆನ್ನುನೋವಂತೆ.

ಫೆಬ್ರವರಿ 10, ಸೋಮವಾರ

ಬ್ಲಾಜೆಂಕಾ ಹತ್ತಿರ ಹೋಗಿ ನಮ್ಮ ಊರಿನ ಬೆಲೆಗಳನ್ನು ನಂಬಬೇಡಿ ಎಂದೆ. ಯಾಕೆ ಎಂದರು. ನಾನು ಬರುವ ದಿನ ಅಂಗಡಿಯವರಿಗೆ ಮೊದಲೇ ಗೊತ್ತಿತ್ತು ಎಂದೆ. ಯಾರು ಹೇಳಿದರು ಎಂದರು. ನಾನು ಎಂದೆ. ಎಲ್ಲಿ ಹೇಳಿದಿರಿ ಎಂದರು. ಸೂಪು ಕುಡಿಯುತ್ತ ಎಂದೆ.

ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಎರಡು ದಾರಿಯಿದೆ ಎಂದರು. ಗೊತ್ತಾಗದ ಹಾಗೆ ಆ ಅಂಗಡಿಯನ್ನೇ ಪಟ್ಟಿಯಿಂದ ಕೈಬಿಡಬಹುದು. ಸಣ್ಣ ಊರು, ಯಾರೂ ಕೇಳುವುದಿಲ್ಲ. ಇಲ್ಲವೇ ಹೇಳದೆ ಹೋಗಿ ಮತ್ತೆ ಬೆಲೆ ತೆಗೆಯಬಹುದು. "ನಿಮ್ಮ ಮನೆ ನಿಮಗೆ ಗೊತ್ತು. ನೀವೇ ಹೇಳಿ."

ಕೈಬಿಡಿ ಎನ್ನಬೇಕೆಂದೇ ಹೋಗಿದ್ದೆ. ದಾರಿಯಲ್ಲೆಲ್ಲ ಅದನ್ನೇ ಹೇಳಿಕೊಳ್ಳುತ್ತ ಹೋಗಿದ್ದೆ. ಬಾಯಿಂದ ಬಂದದ್ದು ಮಾತ್ರ, "ಮತ್ತೆ ತೆಗೀರಿ. ಆದರೆ ನನ್ನ ಕಳಿಸಬೇಡಿ."

ತಾವೇ ಹೋಗುವುದಾಗಿ ಹೇಳಿದರು. ಯಾವತ್ತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಷ್ಟಕ್ಕೂ ಇದರಿಂದ ಯಾರಿಗೆ ಏನು ಉಪಕಾರ? ಎಣ್ಣೆ ಅಗ್ಗವಾಗುತ್ತದಾ?

ಫೆಬ್ರವರಿ 19, ಬುಧವಾರ

ಇಟಲಿ. ತ್ರಿಯೆಸ್ತೆ ನಮಗೆ ದೂರ, ಬೆಳಗಾಗುವ ಮೊದಲೇ ಹೊರಟೆವು. ಅತ್ತೆ ಬಟಾಣಿ ಬಣ್ಣದ ಒಳ್ಳೆಯ ಕೋಟು ಹಾಕಿಕೊಂಡಿದ್ದರು. ನಾನೂ ತುಟಿಗೆ ಬಣ್ಣ ಹಚ್ಚಿಕೊಂಡೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

ಅಂಗಡಿಯಲ್ಲಿ ಪಾಸ್ತಾದ ಬೆಲೆ ಬರೆದು ತಿರುಗಿದರೆ ಅತ್ತೆ ಇಲ್ಲ. ಎಲ್ಲ ಸಾಲುಗಳಲ್ಲೂ ಓಡಿದೆ. ಹೊರಗೆ ರಸ್ತೆ, ಆಚೆಗೆ ಸಮುದ್ರ. ಏನೇನೋ ಯೋಚನೆ ಬಂತು. ಕಾವಲುಗಾರನ ಹತ್ತಿರ ಕೈಬಾಯಿ ಸನ್ನೆಯಲ್ಲಿ ಹೇಳಿದೆ. ಯಾರು ಕಳೆದುಹೋದವರು ಎಂದು ಕೇಳಿದ. ಅತ್ತೆಗೆ ಇಟಾಲಿಯನ್ನಿನಲ್ಲಿ ಏನನ್ನುತ್ತಾರೋ ಬರಲಿಲ್ಲ, ಮಾಮ್ಮಾ ಎಂದುಬಿಟ್ಟೆ.

ಬೆಕ್ಕಿನ ಆಹಾರದ ಸಾಲಿನ ಕೊನೆಯಲ್ಲಿ ಸಿಕ್ಕರು. ಅಲ್ಲೊಂದು ಬೆಂಚು, ಅದರ ಮೇಲೆ ಅವರದೇ ವಯಸ್ಸಿನ ಇಟಲಿಯ ಹೆಂಗಸೊಬ್ಬಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆಕೆ ತನ್ನ ಬುಟ್ಟಿಯಿಂದ ಒಂದೊಂದೇ ತೆಗೆದು ತೋರಿಸುತ್ತಿದ್ದಳು. ಬೆಕ್ಕಿಗೆ ಮೂರು ಡಬ್ಬಿ, ತನಗೆ ಒಂದು ಟೊಮ್ಯಾಟೊ, ಎರಡು ಆಲೂಗಡ್ಡೆ. ಅತ್ತೆ ಒಂದೊಂದಕ್ಕೂ ಹುಬ್ಬು ಹಾರಿಸಿ, ನಾಲಿಗೆ ಲೊಚಗುಟ್ಟಿ, ಗೋಳು ಕೇಳುವವರ ಹಾಗೆ ತಲೆಯಾಡಿಸುತ್ತಿದ್ದರು. ಆಕೆ ಮದುವೆಯ ಉಂಗುರ ತೋರಿಸಿ ಆಕಾಶದ ಕಡೆ ಕೈ ಮಾಡಿದಳು. ಅತ್ತೆಯೂ ತಮ್ಮದನ್ನು ತೋರಿಸಿ ಆಕಾಶದ ಕಡೆ ಕೈ ಮಾಡಿದರು. ಇಬ್ಬರೂ ನಕ್ಕರು.

"ಎಲ್ಲಿ ಹೋಗಿದ್ದೆ ನೀನು? ನಾನು ಇಲ್ಲೇ ಕೂತಿದೀನಿ," ಎಂದು ನನ್ನನ್ನೇ ಗದರಿದರು. ನನಗೆ ಅಳು ಬಂತು. ದಣಿವಿಗೆ.

ಒಗೆಯುವ ಪುಡಿಯ ಬೆಲೆ ಬರೆಯುವುದೇ ಮರೆತಿದ್ದೆ. ಆಮೇಲೆ ನೆನಪಾಗಿ ವಾಪಸು ಹೋಗಿ ಬರೆದುಕೊಂಡೆ. ಹೊರಟ ಮೇಲೆ ಸಮುದ್ರದ ಪಕ್ಕ ಕಾರು ನಿಲ್ಲಿಸಿ ಹುರಿದ ಮೀನು ತಿಂದೆವು, ಕಾಗದದ ಪೊಟ್ಟಣದಿಂದ ಕೈಯಲ್ಲೇ. ಅದಕ್ಕೆಷ್ಟು ಕೊಟ್ಟೆ ನೆನಪಿಲ್ಲ.

ಮಾರ್ಚ್ 4, ಮಂಗಳವಾರ

ನಾಳೆಯಿಂದ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಶುರು, ಅದಕ್ಕೆ ಬೀದಿಯಲ್ಲೆಲ್ಲ ಮುಖವಾಡದವರು. ಅತ್ತೆ ಕ್ರಾಫ್ನೆ ಎಂಬ ಸಿಹಿ ಉಂಡೆ ಕರಿಯಲು ಕೂತರು, ನಾನು ಹಿಟ್ಟು ನಾದಿದೆ. ಕರಿದದ್ದು ಮನೆ ತುಂಬುವಷ್ಟಾಯಿತು. ಸಂಜೆ ಟಿವಿಯಲ್ಲಿ ಬ್ಲಾಜೆಂಕಾ ಬಂದರು.

ಐದು ದೇಶಗಳ ಬುಟ್ಟಿ ತೋರಿಸಿದರು. ದುಡ್ಡಿನ ಲೆಕ್ಕದಲ್ಲಿ ಇಟಲಿಯದು, ನಮ್ಮದು ಹತ್ತಿರ ಹತ್ತಿರ. ದುಡಿಮೆಯ ಹೊತ್ತಿನ ಲೆಕ್ಕ ಹಾಕಿದಾಗ ಬುಟ್ಟಿ ಎಲ್ಲರಿಗಿಂತ ಭಾರವಾದದ್ದು ಹಂಗೇರಿಯವರಿಗೆ ಮತ್ತು ನಮಗೆ. ಆಸ್ಟ್ರಿಯಾದವಳು ಮಧ್ಯಾಹ್ನದ ಊಟದ ಹೊತ್ತಿಗೆ ದುಡಿದು ಮುಗಿಸುವುದಕ್ಕೆ ನಮ್ಮವಳು ಸಂಜೆಯವರೆಗೆ ನಿಲ್ಲಬೇಕು. ನಮ್ಮ ದೇಶದ ಅಂಗಡಿಗಳ ಪೈಕಿ ಅತಿ ದುಬಾರಿ ಯಾವುದು ಎಂದು ಹೆಸರು ಹೇಳಲಿಲ್ಲ. ನಮ್ಮೂರಿನ ಹೆಸರು ಹೇಳಿದರು. ಸಾಕಾಯಿತು.

ಸ್ಲಾವ್ಕೊ ಎದ್ದು ಟಿವಿ ಆರಿಸಿದ. "ನಿನಗೆ ಗೊತ್ತಿತ್ತಾ?" ಎಂದ. ಗೊತ್ತಿತ್ತು ಎಂದೆ. ಒಂದು ಕ್ರಾಫ್ನೆ ಎತ್ತಿಕೊಂಡ, ತಿನ್ನದೆ ವಾಪಸು ಇಟ್ಟ.

ಮಾರ್ಚ್ 12, ಬುಧವಾರ

ಅಂಗಡಿ ಮುಚ್ಚುತ್ತಿಲ್ಲ. ಬೆಲೆ ಸ್ವಲ್ಪ ಇಳಿಸಿದ್ದಾರೆ, ಎಷ್ಟು ದಿನಕ್ಕೋ. ಆದರೆ ಸ್ಲಾವ್ಕೊನನ್ನು ಸಮುದ್ರದ ಕಡೆ ಝಾದರ್‌ಗೆ ಹಾಕಿದ್ದಾರೆ, ಸಣ್ಣ ಅಂಗಡಿ, ಕಡಿಮೆ ಸಂಬಳ. ಇಷ್ಟು ವರ್ಷ ನಿಂತ ಜಾಗದಿಂದ ಕಿತ್ತರು. ಇದಕ್ಕೆ ನಾನೇ ಕಾರಣ ಎಂದು ಅವನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು.

ಕೂತು ಮಾತಾಡಿದೆವು, ಹೊರಗಿನವರ ಹಾಗೆ, ಮರ್ಯಾದೆಯಿಂದ. ಅವನು ಮೊದಲು ಹೋಗುವುದು. ನಾನು ಮನೆ ಬಾಡಿಗೆಗೆ ಕೊಟ್ಟು, ಅತ್ತೆಯನ್ನು ವೃದ್ಧಾಶ್ರಮಕ್ಕೆ ಸೇರಿಸಿ ಆಮೇಲೆ ಹೋಗುವುದು. ಅಲ್ಲಿನ ಮನೆ ಒಂದೇ ಕೋಣೆಯದಂತೆ. ಎಲ್ಲ ಸರಿಯಾಗಿದೆ. ಒಪ್ಪಿದೆ.

ಮಾರ್ಚ್ 18, ಮಂಗಳವಾರ

ಅತ್ತೆಯನ್ನು ಕರೆದುಕೊಂಡು ಹೋಗಿ ವೃದ್ಧಾಶ್ರಮ ತೋರಿಸಿದೆ. ಒಳ್ಳೆಯ ಜಾಗ, ಚೊಕ್ಕಟ, ದೊಡ್ಡ ಕಿಟಕಿ. ಅಲ್ಲಿನವಳು ನಗುನಗುತ್ತ ಎಲ್ಲ ತೋರಿಸಿದಳು. ಅತ್ತೆ ಸುತ್ತ ನೋಡಿ ನನ್ನ ಕಿವಿಯಲ್ಲಿ, "ಯಾರೂ ಜಗಳ ಆಡ್ತಾನೇ ಇಲ್ಲವಲ್ಲೇ. ಇವರಿಗೆಲ್ಲ ಏನು ಕುಡಿಸ್ತಾರೆ?" ಎಂದರು. ಕಾರಿನಲ್ಲಿ ಮಾತ್ರ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನಿನಗೆ ಅನುಕೂಲ ಆಗುತ್ತೆ ಅಂದ್ರೆ ಸರಿ," ಎಂದರು.

ಜಗಳವಾಡಿದ್ದರೆ ಸುಲಭವಾಗಿರುತ್ತಿತ್ತು.

ಮಾರ್ಚ್ 27, ಗುರುವಾರ

ಹಾಸಿಗೆ ಖಾಲಿಯಾಗಿದೆ, ಸೋಮವಾರ ಸೇರಿಸಿ ಎಂದು ವೃದ್ಧಾಶ್ರಮದಿಂದ ಫೋನು. ಸದ್ಯಕ್ಕೆ ಬೇರೆಯವರಿಗೆ ಕೊಡಿ ಎಂದೆ. ಅತ್ತೆಗೆ ನೆಗಡಿ. ನೆಗಡಿಯಲ್ಲಿ ಜಾಗ ಬದಲಿಸುವುದು ಒಳ್ಳೆಯದಲ್ಲ.

ಬ್ಲಾಜೆಂಕಾ ಕೂಡ ಫೋನು ಮಾಡಿದ್ದರು. ಶರತ್ಕಾಲದಲ್ಲಿ ಮತ್ತೊಮ್ಮೆ ಇದೇ ಸುತ್ತು ಇದೆಯಂತೆ, ಬರುತ್ತೀರಾ ಎಂದರು. ನಾನಾಗ ಝಾದರ್‌ನಲ್ಲಿರುತ್ತೇನೆ ಎಂದು ಹೇಳಬೇಕಿತ್ತು. ಮರೆತುಹೋಯಿತು. ಬರುತ್ತೇನೆ ಎಂದೆ.

ಹೊಲಿಗೆ ಯಂತ್ರವನ್ನು ಕಿಟಕಿಯ ಪಕ್ಕಕ್ಕೆ ಸರಿಸಿದೆ. ಬೆಳಕು ಚೆನ್ನಾಗಿ ಬೀಳುತ್ತದೆ ಅಲ್ಲಿ.

ಏಪ್ರಿಲ್ 13, ಭಾನುವಾರ

ಸ್ಲಾವ್ಕೊ ನಿನ್ನೆ ಝಾದರ್‌ನಿಂದ ಬಂದ. ಬಿಸಿಲಿಗೆ ಮುಖ ಕಂದಿದೆ, ಸಣ್ಣಗಾಗಿದ್ದಾನೆ. ನೀನೂ ಸಾಮಾನು ಕಟ್ಟಿಕೋ, ಒಟ್ಟಿಗೇ ಹೋಗೋಣ ಎಂದು ದೊಡ್ಡ ಕಾರು ತಂದಿದ್ದ.

ಇವತ್ತು ಬೆಳಿಗ್ಗೆ ಅತ್ತೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತ. ನಾನು ಒಳಗಿನ ಕೋಣೆಯಲ್ಲಿ ಟವೆಲು ಮಡಿಸುತ್ತಿದ್ದೆ. ಬಾಗಿಲು ತೆರೆದಿತ್ತು.

"ಅಮ್ಮ, ಆ ಎಣ್ಣೆ ವಿಷಯ. ನೀನು ಹೇಳಿದ್ದೇ ಸರಿ ಇತ್ತು. ಬೆಲೆ ಜಾಸ್ತಿಯಾಗಿತ್ತು. ನಾನೇ ಮಾಡಿಸಿದ್ದೆ. ನಿನಗೆ ಗೊಂದಲ ಆಗಿರ್ಲಿಲ್ಲ."

ಅತ್ತೆ ಅವನ ಮುಖವನ್ನೇ ನೋಡಿದರು. ಬಹಳ ಪ್ರೀತಿಯಿಂದ ನೋಡಿದರು.

"ಯಾವ ಎಣ್ಣೆ, ಮಗಾ?"

ಅವನು ಮತ್ತೆ ಹೇಳಿದ. ಜನವರಿಯಲ್ಲಿ, ಊಟಕ್ಕೆ ಕೂತಾಗ, ನೀನೇ ಬಾಟಲಿ ತಂದಿದ್ದೆ. ಅತ್ತೆ ನೆನಪಿಸಿಕೊಳ್ಳಲು ಪ್ರಯತ್ನ ಪಟ್ಟರು, ಅವನಿಗೆ ಬೇಸರವಾಗಬಾರದು ಎನ್ನುವ ಹಾಗೆ. ಆಮೇಲೆ ಅವನ ಕೆನ್ನೆ ತಟ್ಟಿ, "ಎಣ್ಣೆ ಬೇಕಾದ್ರೆ ತಗೊಂಡು ಹೋಗು, ಇವಳು ಕೊಡ್ತಾಳೆ," ಎಂದರು.

ಸ್ಲಾವ್ಕೊ ಎದ್ದು ಹಿತ್ತಿಲಿಗೆ ಹೋದ. ಬಹಳ ಹೊತ್ತು ಅಲ್ಲೇ ಬೆನ್ನು ತಿರುಗಿಸಿ ನಿಂತಿದ್ದ. ಹೋಗಿ ಪಕ್ಕದಲ್ಲಿ ನಿಲ್ಲಬೇಕು ಅನ್ನಿಸಿತು. ಆದರೆ ಅಷ್ಟರಲ್ಲಿ ನೀರು ಕಾದಿತ್ತು. ಅತ್ತೆಯ ತಲೆ ತೊಳೆದೆ. ಅವರ ಕೂದಲು ಇನ್ನೂ ಎಷ್ಟು ದಟ್ಟವಾಗಿದೆ, ಕೈ ತುಂಬುತ್ತದೆ.

ಮಧ್ಯಾಹ್ನ ಕಾರಿನ ಹತ್ತಿರ ನಿಂತು, "ಬರ್ತೀಯಾ?" ಎಂದ. ಹಿಂದಿನ ಸೀಟು ಮಡಿಸಿ ನನ್ನ ಪೆಟ್ಟಿಗೆಗಳಿಗೆ ಜಾಗ ಮಾಡಿದ್ದ.

ಈಗಷ್ಟೇ ಅತ್ತೆಯ ತಲೆ ತೊಳೆದದ್ದು ನೆನಪಾಯಿತು. "ಅಮ್ಮನ ಕೂದಲು ಇನ್ನೂ ಒಣಗಿಲ್ಲ," ಎಂದೆ.

ಅವನು ನನ್ನನ್ನು ನೋಡಿ ನಿಧಾನವಾಗಿ ತಲೆಯಾಡಿಸಿದ. ಕಾರಿನ ಹಿಂದಿನ ಸೀಟನ್ನು ಎತ್ತಿ ಮತ್ತೆ ಸರಿಯಾಗಿ ಕೂರಿಸಿದ. ಅದಕ್ಕೆ ಅವನು ಯಾಕೆ ಅಷ್ಟು ಹೊತ್ತು ತೆಗೆದುಕೊಂಡನೋ ತಿಳಿಯಲಿಲ್ಲ. ನಾನು ಒಳಗೆ ಬಂದು, ಅತ್ತೆಯನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಕೂರಿಸಿ, ಬಾಚಣಿಗೆ ಹುಡುಕಿದೆ.